ಬ್ಲೀಚಿಂಗ್ ಪುಡಿಯ ವಾಸನೆ

ನೀಲಾಂಬಿಕಾ ಮೇಡಂ ಅವರ ತಲೆ ಮತ್ತೆ ಎಡಕ್ಕೆ ವಾಲಿತು. ನಂಜುಂಡ ಅದನ್ನು ಒಂದು ಅಂಗೈಯಲ್ಲಿ ಆನಿಸಿಕೊಂಡು, ಇನ್ನೊಂದು ಕೈಯಿಂದ ತಲೆಗೆ ಸುತ್ತಿದ ಬಿಳಿ ಬಟ್ಟೆಯ ತುದಿಯನ್ನು ಮೇಲಕ್ಕೆ ಚಾಚಿದ. ಸ್ಟೂಲಿನ ಮೇಲೆ ನಿಂತಿದ್ದ ಮೇಡಂ ಗಂಡ ಭೀಮಪ್ಪನವರು ಅದನ್ನು ಗೋಡೆಯ ಗೂಟಕ್ಕೆ ಎಳೆದು ಬಿಗಿದರು. ರೈಲ್ವೆಯಲ್ಲಿ ಮೂವತ್ತಾರು ವರ್ಷ ಸಿಗ್ನಲ್ ತಂತಿ ನೋಡಿಕೊಂಡ ಕೈ ಅದು, ಗಂಟು ಜಾರುವ ಮಾತೇ ಇಲ್ಲ. ಯಾರು ಎಷ್ಟು ಹೇಳಿದರೂ ಆ ಕೆಲಸವನ್ನು ಅವರು ಬೇರೆಯವರಿಗೆ ಬಿಟ್ಟುಕೊಟ್ಟಿರಲಿಲ್ಲ.

"ಈಗ ಬರೋಬರ್ ಕುಂತಾಳ," ಎಂದರು ಕೆಳಗಿಳಿದು.

ಕೂತಿದ್ದರು, ನಿಜ. ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ. ನಂಜನಗೂಡು ಕಡೆಯ ನಂಜುಂಡನಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಅರೆ ಮುಚ್ಚಿದ ಕಣ್ಣು ನೋಡಿದರೆ, ಯಾವಳೋ ಹುಡುಗಿ ತಪ್ಪು ಉತ್ತರ ಹೇಳುತ್ತಿದ್ದಾಳೆ, ಅದು ಮುಗಿಯಲಿ ಎಂದು ಇವರು ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಮೇ ತಿಂಗಳು. ಬೆಳಗಿನ ಒಂಬತ್ತಕ್ಕೇ ಆ ಮರಾಠಿ ಊರಿನ ಅಜನಿ ಬಡಾವಣೆಯ ಪುಟ್ಟ ಮನೆಯ ಹೊರಗೆ ಬಿಸಿಲು ಬೆಳ್ಳಗೆ ನಿಂತುಬಿಟ್ಟಿತ್ತು. ರಾತ್ರಿಯಿಡೀ ಮುಚ್ಚದ ಅವನ ಕಣ್ಣಿಗೆ ಗೋಡೆಗಳು ಮೆಲ್ಲಗೆ ಉಸಿರಾಡುವಂತೆ ಕಂಡವು. ಕಿಟಕಿಯ ಕೂಲರು ಲಾವಂಚದ ವಾಸನೆ ಹೊತ್ತ ತಣ್ಣನೆ ಗಾಳಿಯನ್ನು ಒಳಗೆ ತಳ್ಳಿದಾಗ ಮೇಡಂ ಸೆರಗು ಅಲ್ಲಾಡಿತು. ಇನ್ನೇನು ಹಾಜರಿ ಕರೆಯುತ್ತಾರೆ ಎಂದುಕೊಂಡ. ತನ್ನ ಹೆಸರು ಬಂದರೆ ಏನು ಹೇಳುವುದು ಎಂದು ಅವನಿಗೆ ಗಾಬರಿಯೂ ಆಯಿತು.

ಗಾಬರಿಗೆ ಕಾರಣ ಇತ್ತು. ಹದಿನಾಲ್ಕು ವರ್ಷದಿಂದ ಅವನ ಹೊಟ್ಟೆಯಲ್ಲಿ ಒಂದು ಮಾತು ಕೂತಿತ್ತು. ಅದನ್ನು ಹೊರಗೆ ಬಿಡಬೇಡ ಎಂದು ಕಟ್ಟಿಹಾಕಿದವರು ಇದೇ ಮೇಡಂ. "ನಾ ಇರೂತನಕ ಬ್ಯಾಡ," ಎಂದಿದ್ದರು. ನಿನ್ನೆ ಸಂಜೆ ಆರೂವರೆಗೆ, ಚಹಾದ ಲೋಟ ಕೈಯಲ್ಲಿರುವಾಗಲೇ, ಅವರು ಇಲ್ಲವಾದರು. ಇನ್ನು ಹೇಳಬೇಡ ಎನ್ನುವವರು ಯಾರೂ ಇರಲಿಲ್ಲ. ಹಾಗೆಂದು ಹೇಳು ಎನ್ನುವವರೂ ಇರಲಿಲ್ಲ, ಅದೇ ತೊಂದರೆ.

ನರ್ಸಿಂಗ್ ಕಾಲೇಜಿನ ಹುಡುಗಿಯರು ಬಿಳಿ ಸಮವಸ್ತ್ರದಲ್ಲಿ ಒಬ್ಬೊಬ್ಬರಾಗಿ ಬಂದು ಪಾದ ಮುಟ್ಟಿ ಹೋದರು. ಮೇಡಂ ನಿವೃತ್ತರಾಗಿ ಮೂರು ವರ್ಷವಾಗಿದ್ದರೂ ಶನಿವಾರದ ಪಾಠ ಬಿಟ್ಟಿರಲಿಲ್ಲ. ಹುಡುಗಿಯರನ್ನು ಕರೆದುಕೊಂಡು ಇಂಜಿನಿಯರಿಂಗ್ ಕಾಲೇಜಿನ ನೀರು ಪರೀಕ್ಷೆಯ ಲ್ಯಾಬಿಗೆ, ಅಂದರೆ ನಂಜುಂಡನ ಲ್ಯಾಬಿಗೆ, ಬರುತ್ತಲೇ ಇದ್ದರು. ಕೊನೆಯ ವರ್ಷದ ಯಶಿಕಾ ಎಂಬವಳು ಅತ್ತು ಕೆಂಪಾದ ಕಣ್ಣು ಒರೆಸಿಕೊಳ್ಳುತ್ತಾ ಅವನ ಪಕ್ಕ ಬಂದು ನಿಂತಳು. ಮೇಡಂ ಪ್ರತಿ ವರ್ಷ ಮೊದಲ ಪಾಠದಲ್ಲಿ ಎರಡು ಬಾಟಲಿ ಮೂಸಿಸಿ ಒಂದು ಕತೆ ಹೇಳುತ್ತಿದ್ದರಲ್ಲ, ಬಾಟಲಿಯಲ್ಲಿ ವಾಸನೆ ಬಂದರೂ ಯಾಕೆಂದು ಕೇಳದ ಒಬ್ಬ ಮನುಷ್ಯನ ಕತೆ, ಅವನು ಯಾರು ಸರ್, ಎಂದು ಹಿಂದಿಯಲ್ಲಿ ಕೇಳಿದಳು. ಹೆಸರು ಮಾತ್ರ ಮೇಡಂ ಎಂದೂ ಹೇಳಲಿಲ್ಲವಂತೆ. ಒಳ್ಳೆಯ ಮನುಷ್ಯ, ಅವತ್ತು ಅವಸರದಲ್ಲಿದ್ದ, ಎಂದಷ್ಟೇ ಹೇಳುತ್ತಿದ್ದರಂತೆ.

ನಂಜುಂಡ ಕೂಲರಿಗೆ ನೀರು ಹಾಕಬೇಕು ಎಂದು ಹೇಳಿ ಅಲ್ಲಿಂದ ಎದ್ದ. ಕೂಲರಿನಲ್ಲಿ ನೀರು ಬೇಕಾದಷ್ಟಿತ್ತು.

ಅವನು ಬಾಗಿಲಿಗೆ ಬರುವ ಹೊತ್ತಿಗೆ ಹೊರಗೆ ಆಟೋ ನಿಂತಿತು. ಇಳಿದವಳು ಶೇವಂತಾಬಾಯಿ. ಮಹಾಲ್‌ನ ಹಳೇ ಪೇಟೆಯ ಓಣಿಯೊಂದರಲ್ಲಿ, ಅಂಗಳದ ಸುತ್ತ ಹಲವು ಮನೆಗಳಿರುವ ವಾಡೆಯಲ್ಲಿ ಒಂಟಿಯಾಗಿರುವ ಎಪ್ಪತ್ತನಾಲ್ಕರ ಮುದುಕಿ. ಹದಿನಾಲ್ಕು ವರ್ಷದ ಹಿಂದೆ ಏಳು ತಿಂಗಳ ಬಸುರಿ ಸೊಸೆಯನ್ನು ಕಾಮಾಲೆಯಲ್ಲಿ ಕಳೆದುಕೊಂಡವಳು ಅವಳು. ನೀನೇ ಕೊಂದೆ ಎಂದು ಮೇಡಂ ಅವರಿಗೆ ಓಣಿಯ ನಡುವೆ ಹೇಳಿದವಳು. ಆಮೇಲೆ ಮೇಡಂ ಪ್ರತಿ ಮಳೆಗಾಲದ ಶುರುವಿನಲ್ಲಿ ಹುಡುಗಿಯರೊಂದಿಗೆ ಆ ವಾಡೆಗೆ ಹೋದರು; ಶೇವಂತಾಬಾಯಿ ಹುಡುಗಿಯರನ್ನು ಒಳಗೆ ಕರೆದಳು, ಮೇಡಂ ಅವರನ್ನು ಕರೆಯಲಿಲ್ಲ. ಹದಿನಾಲ್ಕು ವರ್ಷವೂ ಮೇಡಂ ಹೊರಗಿನ ಕಟ್ಟೆಯ ಮೇಲೆ ಕೊಡೆ ಹಿಡಿದು ಕೂತು ಬಂದರು.

ಅದೇ ಶೇವಂತಾಬಾಯಿ ನಂಜುಂಡನಿಗೆ ಮಾತ್ರ ಪ್ರತಿ ಸಂಕ್ರಾಂತಿಗೆ ಎಳ್ಳುಂಡೆ ಕಳಿಸುತ್ತಿದ್ದಳು. ಬಾವಿಯ ನೀರು ಕೆಟ್ಟಿದೆ ಎಂದು ಕಂಡುಹಿಡಿದು ಓಣಿಯನ್ನು ಉಳಿಸಿದವನು ಅವನೇ ಅಲ್ಲವೇ. ಓಣಿಯವರು ಅವನಿಗೆ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟಿದ್ದರು. ಅವನು ಹೊದ್ದುಕೊಂಡಿದ್ದ.

ಶೇವಂತಾಬಾಯಿ ಹೊಸ್ತಿಲ ಹೊರಗೇ ನಿಂತಳು. ಒಳಗೆ ಗೋಡೆಗೊರಗಿ ಕೂತ ಮೇಡಂ ಅವರನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನಂಜುಂಡನ ಕಡೆ ತಿರುಗಿ ತಮ್ಮನನ್ನು ಕರೆಯುವ ಹಾಗೆ, ತಗ್ಗಿದ ದನಿಯಲ್ಲಿ ಮರಾಠಿಯಲ್ಲಿ ಹೇಳಿದಳು. "ನಂಜುಂಡ ಭಾವೂ, ನಾನು ಅವಳನ್ನು ಕ್ಷಮಿಸಿಬಿಟ್ಟೆ. ಮಣ್ಣಿಗೆ ಹೋಗುವ ಮೊದಲು ಅವಳ ಎದುರಿಗೆ ಹೇಳಬೇಕು, ಅದಕ್ಕೇ ಬಂದೆ. ಮೊದಲೇ ಹೇಳಬೇಕಿತ್ತು."

ನಂಜುಂಡ ಬಾಗಿಲ ಚೌಕಟ್ಟು ಹಿಡಿದುಕೊಂಡ.

*

ಹದಿನಾರು ವರ್ಷದ ಹಿಂದಿನ ಒಂದು ಮಧ್ಯಾಹ್ನ ಮೇಡಂ ಕೊಡೆ ಮಡಚುತ್ತಾ ಅವನ ಲ್ಯಾಬಿನೊಳಗೆ ಬಂದಿದ್ದರು. ಅವನ ಬಾಯಲ್ಲಿ ಕನ್ನಡ ಕೇಳಿದ್ದೇ ಕುರ್ಚಿ ಎಳೆದುಕೊಂಡು ಕೂತರು. ಗದಗಿನ ಕಡೆಯ ಮಾತು, ಮಗ್ಗಿ ಹೇಳಿಕೊಡುವ ಹಾಗೆ ನಿಚ್ಚಳ. ರಾಮದಾಸಪೇಠದ ನರ್ಸಿಂಗ್ ಕಾಲೇಜಿನಲ್ಲಿ ತಾವು ಪಾಠ ಮಾಡುವುದಾಗಿಯೂ, ತಮ್ಮ ಹುಡುಗಿಯರು ಒಳ್ಳೆಯ ನೀರಿನ ಲಕ್ಷಣಗಳನ್ನು ಬಾಯಿಪಾಠ ಒಪ್ಪಿಸುತ್ತಾರೆಂದೂ, ಒಬ್ಬಳಾದರೂ ನೀರು ಪರೀಕ್ಷೆ ಮಾಡಿದ್ದನ್ನು ಕಣ್ಣಾರೆ ಕಂಡಿಲ್ಲವೆಂದೂ ಹೇಳಿದರು. ವಾಂತಿಭೇದಿಯ ಮಗುವನ್ನು ವಾರ್ಡಿನಲ್ಲಿ ಗುಣ ಮಾಡಿ ಅದೇ ಮನೆಗೆ, ಅದೇ ನೀರಿಗೆ ವಾಪಸು ಕಳಿಸುವುದು ಅವರಿಗೆ ಬೇಸರವಾಗಿತ್ತು.

ನಂಜುಂಡನ ವಿಭಾಗದ ಮುಖ್ಯಸ್ಥರು ನಕ್ಕರು. ಇಂಜೆಕ್ಷನ್ ಚುಚ್ಚುವವರಿಗೆ ಗಟಾರದ ಪಾಠ ಯಾಕೆ ಎಂದರು. ಮೇಡಂ ಬಿಡಲಿಲ್ಲ.

"ಸರ್, ನಿಮ್ಮ ಹುಡುಗ್ರು ಗಟಾರ ನೋಡ್ತಾರ. ನಮ್ಮ ಹುಡುಗ್ಯಾರು ಹೊಟ್ಟಿ ನೋಡ್ತಾರ. ನಡುವ ಬಾವಿ ಐತಿ, ಅದನ್ನ ಯಾರ್ ನೋಡಬೇಕು?" ಎಂದು ಹಿಂದಿಯಲ್ಲಿ ಕೇಳಿ, ಅದು ಸಾಲದೆನ್ನಿಸಿ ನಂಜುಂಡನಿಗೆ ಕನ್ನಡದಲ್ಲಿಯೂ ಹೇಳಿದರು.

ಎರಡು ಕಾಲೇಜುಗಳ ನಡುವೆ ಒಂದು ಕಾಗದ ಓಡಾಡಲು ಎಂಟು ತಿಂಗಳು ಬೇಕಾಯಿತು. ಮೇಡಂ ಕಾಗದಕ್ಕೆ ಕಾಯಲಿಲ್ಲ, ಮುಂದಿನ ಶನಿವಾರವೇ ಎಂಟು ಹುಡುಗಿಯರೊಂದಿಗೆ ಬಂದರು. ಆಮೇಲೆ ಅದೊಂದು ಸಂಭ್ರಮವೇ ಆಯಿತು. ಇಂಜಿನಿಯರಿಂಗ್ ಹುಡುಗರು ಓಣಿಯಲ್ಲಿ ಟೇಪು ಹಿಡಿದು ಚರಂಡಿಯ ಇಳಿಜಾರು ಅಳೆಯುವರು. ನರ್ಸಿಂಗ್ ಹುಡುಗಿಯರು ಅದೇ ಮನೆಯ ಅಡುಗೆಮನೆಯಲ್ಲಿ ಕೂತು ಯಾರಿಗೆ ಯಾವಾಗ ಹೊಟ್ಟೆ ಕೆಟ್ಟಿತ್ತು ಎಂದು ಕೇಳುವರು. ಸಂಜೆ ಲ್ಯಾಬಿನಲ್ಲಿ ಎರಡನ್ನೂ ಒಂದೇ ನಕ್ಷೆಯ ಮೇಲೆ ಗುರುತು ಹಾಕುವರು. ಎರಡು ಗುರುತೂ ಒಂದೇ ಕಡೆ ಕೂಡಿಕೊಂಡಾಗ ಹುಡುಗಿಯರ ಮುಖ ಅರಳುತ್ತಿದ್ದುದನ್ನು ನಂಜುಂಡ ನೋಡುತ್ತಾ ನಿಲ್ಲುತ್ತಿದ್ದ. ಲ್ಯಾಬ್ ಸಹಾಯಕನಾದ ತನ್ನನ್ನು ಸರ್ ಎಂದು ಕರೆದವರು ಆ ಹುಡುಗಿಯರೇ ಮೊದಲು.

ಎರಡನೆಯ ವರ್ಷ ಮಹಾಲ್‌ನ ಆ ವಾಡೆಗೆ ಹೋದರು. ನಲ್ಲಿಯ ನೀರು ಬರುವುದು ಹೊತ್ತುಹೊತ್ತಿಗೆ, ಉಳಿದಂತೆ ಎಲ್ಲರಿಗೂ ಅಂಗಳದ ಬಾವಿಯೇ ಗತಿ. ಕಾಯಿಸಿ ಕುಡಿಯಿರಿ ಎಂದು ಮೇಡಂ ಮನೆಮನೆಗೆ ಹೇಳಿ ಒಪ್ಪಿಸಿದ್ದರು. ಶೇವಂತಾಬಾಯಿ ಗೊಣಗುತ್ತಲೇ ಎರಡು ತಿಂಗಳು ಕಾಯಿಸಿದಳು. ಪರೀಕ್ಷೆಯ ವರದಿ ಬರಲಿ, ಆಮೇಲೆ ನೋಡೋಣ ಎಂದಿದ್ದರು ಮೇಡಂ.

ನೀರು ತುಂಬಲು ನಂಜುಂಡ ಲ್ಯಾಬಿನಲ್ಲಿ ಹಬೆ ಕೊಟ್ಟು ಶುದ್ಧ ಮಾಡಿದ ಬಾಟಲಿಗಳನ್ನು ಕೊಟ್ಟ. ಅವನ್ನು ಹಾಗೇ ತುಂಬಬೇಕು, ಏನೂ ಹಾಕಿ ತೊಳೆಯಬಾರದು ಎಂದು ಹೇಳಲಿಲ್ಲ. ಅವನ ವಿಭಾಗದಲ್ಲಿ ಅದನ್ನು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ನರ್ಸಿಂಗ್ ಹುಡುಗಿಯರಿಗೆ ಗೊತ್ತಿದ್ದುದು ಬೇರೆ: ಹೊರಗಿನಿಂದ ಬಂದ ವಸ್ತುವನ್ನು ಶುಚಿ ಮಾಡದೆ ಬಳಸಬಾರದು. ಅವರು ಶ್ರದ್ಧೆಯಿಂದ ಪ್ರತಿ ಬಾಟಲಿಗೂ ವಾರ್ಡಿನ ಬ್ಲೀಚಿಂಗ್ ನೀರು ಹಾಕಿ ಕುಲುಕಿ ಚೆಲ್ಲಿ, ಆಮೇಲೆ ಬಾವಿಯ ನೀರು ತುಂಬಿದರು. ಬಾಟಲಿಯಲ್ಲಿ ಉಳಿದ ಆ ನಾಲ್ಕು ಹನಿ ದಾರಿಯಲ್ಲೇ ನೀರಿನ ರೋಗಾಣುಗಳನ್ನೆಲ್ಲ ಕೊಂದುಹಾಕಿತು.

ಜೂನ್ ಕೊನೆಯ ಶನಿವಾರ. ಮಳೆ ಇನ್ನೂ ಬಂದಿರಲಿಲ್ಲ. ಮೊದಲ ಬಾಟಲಿಯ ಮುಚ್ಚಳ ತೆಗೆದಾಗ ಬ್ಲೀಚಿಂಗ್ ಪುಡಿಯ ವಾಸನೆ ನಂಜುಂಡನ ಮೂಗಿಗೆ ಬಂತು. ತೆಳ್ಳಗೆ, ಆದರೆ ಬಂತು. ಬಾವಿಗೆ ಯಾರಾದರೂ ಪುಡಿ ಹಾಕಿದರೇ ಎಂದು ಒಂದು ಫೋನು ಮಾಡಿ ಕೇಳಬಹುದಿತ್ತು. ಮನೆಯ ಕೂಲರಿನ ಪಂಪು ಕೆಟ್ಟಿತ್ತು, ಸೀತಾಬರ್ಡಿಯ ರಿಪೇರಿ ಅಂಗಡಿ ಐದಕ್ಕೆ ಮುಚ್ಚುತ್ತಿತ್ತು, ಆಗ ನಾಲ್ಕೂವರೆ. ನೀರನ್ನು ಕೊಳವೆಗಳಿಗೆ ಹಾಕಿಟ್ಟು ಹೊರಟ. ಸೋಮವಾರ ನೋಡಿದರೆ, ರೋಗಾಣು ಇದ್ದರೆ ಮಬ್ಬಾಗಬೇಕಾದ ಕೊಳವೆಗಳು ತಿಳಿಯಾಗಿದ್ದವು. ವಾಸನೆ ನೆನಪಿಗೆ ಬಂದಿತ್ತು, ಬರಲಿಲ್ಲ ಎಂದರೆ ಸುಳ್ಳು. ಆದರೂ ಕುಡಿಯಲು ಯೋಗ್ಯ ಎಂದು ಬರೆದ.

ವರದಿ ನೋಡಿ ಶೇವಂತಾಬಾಯಿ ನೀರು ಕಾಯಿಸುವುದನ್ನು ನಿಲ್ಲಿಸಿದಳು. ಮಳೆ ಹಿಡಿಯಿತು. ಆಗಸ್ಟ್ ಕೊನೆಯಲ್ಲಿ ಸೊಸೆಯ ಕಣ್ಣು ಹಳದಿಯಾಯಿತು.

*

ಮೂರೂವರೆಗೆ ಹೂವಿನ ಮಂಟಪ ಕಟ್ಟಿದ ವ್ಯಾನು ಹೊರಟಿತು. ಹೆಂಗಸರು ರುದ್ರಭೂಮಿಗೆ ಬರುವುದು ಬೇಡ ಎಂದು ಹಿರಿಯರಿಬ್ಬರು ಹೇಳಿ ನೋಡಿದರು. ಕಾಮಠಿಯಿಂದ ಬಂದಿದ್ದ ಮಗಳು ಅಕ್ಷರಾ ಒಪ್ಪಲಿಲ್ಲ. ಅಮ್ಮ ಈ ಹುಡುಗಿಯರನ್ನು ಗಟಾರದ ತನಕ ಕರೆದುಕೊಂಡು ಹೋಗಿದ್ದಾಳೆ, ಇವರು ಅಮ್ಮನನ್ನು ಮಣ್ಣಿನ ತನಕ ಕಳಿಸಿ ಬರಬಾರದೇ ಎಂದಳು. ಶೇವಂತಾಬಾಯಿಯನ್ನೂ ಹುಡುಗಿಯರು ತಮ್ಮ ಬಸ್ಸಿಗೆ ಹತ್ತಿಸಿಕೊಂಡರು.

ನಂಜುಂಡ ಸ್ಕೂಟರಿನಲ್ಲಿ ಹಿಂದೆ ಬಂದ. ಮುಂದಿನ ವ್ಯಾನಿನ ಗಾಜಿನಲ್ಲಿ ಮೇಡಂ ಅವನ ಕಡೆಗೇ ಮುಖ ಮಾಡಿ ಕೂತಿದ್ದರು. ರಸ್ತೆಯ ತುದಿಯಲ್ಲಿ ಬಿಸಿಲು ನೀರಾಗಿ ಹೊಳೆಯುತ್ತಿತ್ತು. ವ್ಯಾನು ಹತ್ತಿರ ಹೋದಷ್ಟೂ ಆ ನೀರು ಹಿಂದೆ ಸರಿಯುತ್ತಿತ್ತು. ಕಾರು, ಆಟೋ, ಮುಖಕ್ಕೆ ದುಪಟ್ಟಾ ಸುತ್ತಿಕೊಂಡ ಹುಡುಗಿಯರ ಸ್ಕೂಟಿಗಳು ಎಲ್ಲವೂ ಸದ್ದಿಲ್ಲದೆ ತೇಲಿಹೋದಂತೆ ಅವನಿಗೆ ಕಂಡಿತು. ಮೇಡಂ ಕೊಡೆ ಹಿಡಿದು ಆ ಹೊಳೆಯುವ ನೀರಿನೊಳಗೆ ಇಳಿಯುತ್ತಿದ್ದರು, ಮೊಣಕಾಲ ತನಕ, ಸೊಂಟದ ತನಕ, ಹಿಂದೆ ಎಂಟು ಹುಡುಗಿಯರು ಸಾಲಾಗಿ. ಹಾರ್ನ್ ಕೇಳಿ ಬೆಚ್ಚಿದ. ಸಿಗ್ನಲ್ ಹಸಿರಾಗಿ ಎಷ್ಟೋ ಹೊತ್ತಾಗಿತ್ತು.

ಏನಾಗುತ್ತದೆ ಹೇಳದಿದ್ದರೆ, ಎಂದು ತನ್ನನ್ನೇ ಕೇಳಿಕೊಂಡ. ಏನೂ ಆಗುವುದಿಲ್ಲ. ಮುಂದಿನ ವರ್ಷ ಅವನಿಗೂ ನಿವೃತ್ತಿ. ಸಂಕ್ರಾಂತಿಗೆ ಎಳ್ಳುಂಡೆ ಬರುತ್ತದೆ. ಮೇಡಂ ಮಾತ್ರ ಮಾಡದ ತಪ್ಪಿಗೆ ಕ್ಷಮೆ ಪಡೆದು ಮಣ್ಣಾಗುತ್ತಾರೆ, ಅಷ್ಟೇ.

*

ಸೊಸೆ ತೀರಿಕೊಂಡ ಮೂರನೆಯ ದಿನ ನಂಜುಂಡ ತಾನೇ ಹೋಗಿ ಬಾವಿಯ ನೀರು ತಂದು ನೋಡಿದ್ದ. ಎಲ್ಲ ಕೊಳವೆಗಳೂ ಮಬ್ಬಾದವು. ಬಾವಿ ಮುಚ್ಚಿಸಿದರು, ಅವನಿಗೆ ಶಾಲು ಬಂತು. ವಿಚಾರಣೆ ನಡೆದಾಗ ಹುಡುಗಿಯರು ಅಳುತ್ತಾ ಬಾಟಲಿ ತೊಳೆದದ್ದನ್ನು ಒಪ್ಪಿಕೊಂಡರು. ಮಕ್ಕಳಿಗೆ ತಾನು ಸರಿಯಾಗಿ ಹೇಳಿಕೊಡಲಿಲ್ಲ, ತಪ್ಪು ತನ್ನದು ಎಂದು ಮೇಡಂ ಬರೆದುಕೊಟ್ಟರು. ವಾಸನೆಯ ವಿಷಯವನ್ನು ಯಾರೂ ಕೇಳಲಿಲ್ಲ.

ಆ ವಾರವೇ ಅವನು ಮೇಡಂ ಮುಂದೆ ಎಲ್ಲವನ್ನೂ ಹೇಳಿದ್ದ. ಲ್ಯಾಬಿನಲ್ಲಿ ಇಬ್ಬರೇ ಇದ್ದರು. ಮೇಡಂ ಕೇಳಿ, ಕಿಟಕಿಯ ಹೊರಗೆ ಮಳೆ ನೋಡಿದರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ನಿಮ್ಮನ್ನ ತಗದ್ರ ಈ ಲ್ಯಾಬ್ ನಮ್ಮ ಹುಡುಗ್ಯಾರಿಗೆ ಬಂದ್ ಆಗ್ತೈತಿ," ಎಂದರು ಕಡೆಗೆ. "ನನ್ನ ಮ್ಯಾಲೆ ಬಂದ್ರ ನನ್ನ ಬಡ್ತಿ ಹೋಗ್ತೈತಿ, ಅಷ್ಟ. ಪಾಠ ನಡೀತೈತಿ. ನಾ ಇರೂತನಕ ಬ್ಯಾಡ, ನಂಜುಂಡ."

"ಮತ್ತೆ ಆ ತಾಯಿ, ಮೇಡಂ?"

"ಆಕಿ ಯಾರನ್ನರ ಬಯ್ಯಬೇಕಲ್ಲ. ಬಯ್ಯಲಿ."

ಬಡ್ತಿ ಹೋಯಿತು. ಅವರು ಟ್ಯೂಟರ್ ಆಗಿಯೇ ನಿವೃತ್ತರಾದರು. ಅವರ ಆ ಮಾತನ್ನು ಅವನು ಅವತ್ತು ಬೇಡವೆನ್ನದೆ ಒಪ್ಪಿಕೊಂಡಿದ್ದ. ಒಪ್ಪಿಕೊಂಡಾಗ ಒಳಗೊಳಗೇ ಹಗುರವಾಗಿದ್ದು ನೆನೆದರೆ ಅವನಿಗೆ ಇವತ್ತಿಗೂ ತನ್ನ ಬಗ್ಗೆ ಹೇಸಿಗೆಯಾಗುತ್ತಿತ್ತು.

*

ಗುಂಡಿಯ ಒಳಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಮೇಡಂ ಅವರನ್ನು ಕೂರಿಸಿದ್ದಾಯಿತು. ಅಯ್ಯನೋರು ಮಂತ್ರ ಹೇಳಿ, ಸುತ್ತ ವಿಭೂತಿ ಗಟ್ಟಿಗಳನ್ನು ಜೋಡಿಸಿದರು. ನರ್ಸಿಂಗ್ ಕಾಲೇಜಿನ ಪ್ರಿನ್ಸಿಪಾಲರು ಎರಡು ಮಾತಾಡಿದರು. ಮಾಡಿದ ಒಂದೇ ತಪ್ಪನ್ನೂ ಧೈರ್ಯವಾಗಿ ಒಪ್ಪಿಕೊಂಡ ದೊಡ್ಡ ಮನಸ್ಸು ಎಂದರು. ಆಮೇಲೆ ಒಬ್ಬೊಬ್ಬರೇ ಬಿಲ್ವಪತ್ರೆ ಹಾಕುತ್ತಾ ಹೋದರು. ಹುಡುಗಿಯರಾದ ಮೇಲೆ ಶೇವಂತಾಬಾಯಿ ಪತ್ರೆ ಹಿಡಿದು ಅಂಚಿಗೆ ಬಂದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬಾಗಿದಳು.

"ಬಾಯೀ," ಎಂದಳು ಗುಂಡಿಯೊಳಗಿನವರಿಗೆ, "ನಾನು ನಿನ್ನನ್ನು..."

"ಥಾಂಬಾ, ಮಾವಶಿ," ಎಂದ ನಂಜುಂಡ. ಚಿಕ್ಕಮ್ಮ, ನಿಲ್ಲಿ ಎಂದದ್ದು ತನ್ನ ಬಾಯೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ.

ಎಲ್ಲರೂ ತಿರುಗಿದರು. ಅವನು ಮರಾಠಿಯಲ್ಲಿ ಹೇಳಿದ. ಕನ್ನಡದಲ್ಲಾದರೆ ಸುತ್ತಿ ಬಳಸಿ ಹೇಳುತ್ತಿದ್ದನೋ ಏನೋ. ಮರಾಠಿ ಅವನಿಗೆ ನೇರ ಮಾತಿಗಷ್ಟೇ ಬರುತ್ತಿತ್ತು. "ಕ್ಷಮೆ ಅವರಿಗೆ ಬೇಡ. ಬಾಟಲಿ ತೆರೆದವನು ನಾನು. ಬ್ಲೀಚಿಂಗ್ ಪುಡಿಯ ವಾಸನೆ ಬಂತು. ಯಾಕೆ ಅಂತ ಕೇಳಲಿಲ್ಲ, ಮನೆಗೆ ಹೋಗುವ ಅವಸರ ಇತ್ತು. ನೀರು ಚೆನ್ನಾಗಿದೆ ಅಂತ ಬರೆದವನು ನಾನು, ಮಾವಶಿ."

ಗಾಳಿ ಬಿದ್ದುಹೋಗಿತ್ತು. ಯಶಿಕಾ ಅವನನ್ನೇ ನೋಡುತ್ತಿದ್ದಳು. ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಅವಳ ಮುಖದಲ್ಲಿ ಯಾವ ಸಮಾಧಾನವೂ ಇರಲಿಲ್ಲ.

"ಅವಳಿಗೆ ಗೊತ್ತಿತ್ತಾ?" ಎಂದು ಕೇಳಿದಳು ಶೇವಂತಾಬಾಯಿ.

"ಗೊತ್ತಿತ್ತು. ಆ ವಾರವೇ ಹೇಳಿದ್ದೆ."

ಶೇವಂತಾಬಾಯಿಯ ತುಟಿಗಳು ಸದ್ದಿಲ್ಲದೆ ಅಲ್ಲಾಡಿದವು. ಮಳೆಗಾಲಗಳನ್ನು ಎಣಿಸುತ್ತಿದ್ದಾಳೆ ಎಂದು ನಂಜುಂಡನಿಗೆ ಅನ್ನಿಸಿತು. ಅವಳು ಮೆಲ್ಲಗೆ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು, ಪಕ್ಕದ ಮನೆಯವಳೊಂದಿಗೆ ಮಾತಾಡಲು ಕೂತ ಹಾಗೆ, ಮತ್ತು ಮೇಡಂ ಅವರೊಂದಿಗೆ ಮಾತಾಡತೊಡಗಿದಳು. ಏನು ಹೇಳಿದಳೋ ಯಾರಿಗೂ ಕೇಳಿಸಲಿಲ್ಲ. ಬಹಳ ಹೊತ್ತು ಹೇಳಿದಳು. ಅಯ್ಯನೋರು ಮಂತ್ರ ನಿಲ್ಲಿಸಿ ಕಾದರು, ಹುಡುಗಿಯರು ಬಿಸಿಲಲ್ಲಿ ನಿಂತೇ ಇದ್ದರು. ಕೊನೆಗೆ ಅಂಗೈ ಬೆವರಿಗೆ ಬಾಡಿದ ಪತ್ರೆಯನ್ನು ಕೆಳಗೆ ಬಿಟ್ಟು, ಅಕ್ಷರಾ ಕೈ ಹಿಡಿದುಕೊಂಡು ಎದ್ದಳು.

ಅಕ್ಷರಾ ನಂಜುಂಡನ ಮುಂದೆ ಬಂದು ನಿಂತಳು. ಶಾಲೆಯಲ್ಲಿ ಇವಳಮ್ಮ ಒಬ್ಬಳನ್ನು ಸಾಯಿಸಿದವಳು ಎಂದು ಕೇಳಿಸಿಕೊಂಡಾಗ ಅವಳಿಗೆ ಹದಿನೈದು. ಅವತ್ತಿನಿಂದ ಅಮ್ಮನ ಜೊತೆ ಅವಳ ಮಾತು ಅರ್ಧಕ್ಕರ್ಧ ಕಡಿಮೆಯಾಗಿತ್ತು. ಅದು ನಂಜುಂಡನಿಗೂ ಗೊತ್ತಿತ್ತು.

"ಅಂಕಲ್," ಎಂದಳು, ಕೂಗಲಿಲ್ಲ, "ನಮ್ಮ ಮನಿಗೆ ಎಷ್ಟ್ ಸಲ ಊಟಕ್ಕ ಬಂದೀರಿ ನೀವು."

ಅವನು ತಲೆ ತಗ್ಗಿಸಿ ಅತ್ತ. ಐವತ್ತೇಳರ ಗಂಡಸು ಮೂಗು ಸೋರಿಸಿಕೊಂಡು ಅಳುವುದನ್ನು ಜನ ನೋಡಿದರು, ಅವನು ನೋಡಲು ಬಿಟ್ಟ. ಭೀಮಪ್ಪನವರು ಮಣ್ಣಿನ ಬುಟ್ಟಿಯನ್ನು ಅವನ ಕಡೆಗೆ ನೂಕಿದರು.

"ಮಣ್ಣ ಕೊಡ್ರಿ. ಹೊತ್ತಾತು," ಎಂದರು. ಅವರ ದನಿಯಲ್ಲಿ ಏನಿತ್ತು ಎಂದು ಅವನಿಗೆ ತಿಳಿಯಲಿಲ್ಲ. ಅವನು ಮೂರು ಹಿಡಿ ಮಣ್ಣು ಕೊಟ್ಟ.

ಎಲ್ಲ ಮುಗಿದಾಗ ಐದೂವರೆಯಾಗಿತ್ತು. ಹುಡುಗಿಯರ ಬಸ್ಸು ರಾಮದಾಸಪೇಠದ ಕಡೆಗೆ ಹೊರಟುಹೋಯಿತು. ಮನೆಯವರು ಕಾರಿನಲ್ಲಿ ಹೋದರು. ಅಕ್ಷರಾ ಬಾ ಎಂದು ಕರೆದರೂ ಶೇವಂತಾಬಾಯಿ ಹತ್ತಿರಲಿಲ್ಲ. ಗೇಟಿನ ಹೊರಗೆ ಆಟೋಗಳಿರಲಿಲ್ಲ. ನಂಜುಂಡ ಸ್ಕೂಟರು ತೆಗೆದ, ಅವಳ ಮುಂದೆ ತಂದು ನಿಲ್ಲಿಸಿದ, ಬರುತ್ತೀರಾ ಎಂದು ಕೇಳುವ ಧೈರ್ಯವಾಗಲಿಲ್ಲ. ಅವಳು ಅವನ ಮುಖ ನೋಡಲಿಲ್ಲ. ರಸ್ತೆಯ ಆ ತುದಿ ಈ ತುದಿ ನೋಡಿದಳು. ಆಮೇಲೆ ಹಿಂದೆ ಬಂದು ಅಡ್ಡಕ್ಕೆ ಕೂತಳು.

ಅವಳ ಕೈ ಅವನ ಭುಜಕ್ಕೆ ಬರಲಿಲ್ಲ. ಸೀಟಿನ ಹಿಂದಿನ ಕಬ್ಬಿಣದ ಸರಳನ್ನು ಹಿಡಿದುಕೊಂಡಿದ್ದಳು. ದಿನವಿಡೀ ಬಿಸಿಲಲ್ಲಿ ನಿಂತ ಆ ಸರಳು ಎಷ್ಟು ಸುಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೇಳಲಿಲ್ಲ, ಅವಳಿಗೂ ಗೊತ್ತೇ ಇತ್ತು. ಗುಂಡಿ ಬಂದಲ್ಲಿ ನಿಧಾನ ಮಾಡುತ್ತಾ, ಮಹಾಲ್ ತನಕ ಓಡಿಸಿದ. ಇಳಿಬಿಸಿಲಿಗೆ ಅವರ ನೆರಳು ಪಕ್ಕದ ಗೋಡೆಗಳ ಮೇಲೆ ಜೊತೆಯಲ್ಲೇ ಬರುತ್ತಿತ್ತು. ಮುಂದೆ ಅವನು, ಹಿಂದೆ ಅವಳು, ನಡುವೆ ಒಂದು ಮಗು ಕೂರುವಷ್ಟು ಜಾಗ.